ಹಂಡೆಯಿಂದ ವಾರಂಟಿ ಪತ್ರದವರೆಗೆ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ನೆಲೆಗೊಂಡ ಬೆಂಗಳೂರಿಗೆ ಪ್ರಕೃತಿಯು ಕೊರೆಯುವ ಚಳಿಯನ್ನಾಗಲಿ ಸುಡುವ ಬೇಗೆಯನ್ನಾಗಲಿ ಬಹುಕಾಲ ವಿಧಿಸಿರಲಿಲ್ಲ. 1884ರ ಜನವರಿಯಲ್ಲಿ ಉಷ್ಣಮಾನವು 7.8 ಡಿಗ್ರಿಗೆ ಇಳಿದುದೇ ಈ ಊರು ಕಂಡ ಪರಮಾವಧಿಯ ಶೈತ್ಯವೆಂದು ದಾಖಲೆ ಹೇಳುತ್ತದೆ. ಆದುದರಿಂದ ಇಲ್ಲಿನ ಗೃಹಸ್ಥನಿಗೆ ಬೇಕಾಗಿದ್ದುದು ಎರಡೇ ಸೌಕರ್ಯಗಳು: ಮುಂಜಾನೆ ಮೀಯುವುದಕ್ಕೆ ಒಂದೆರಡು ಬಕೆಟ್ಟು ಬಿಸಿನೀರು, ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ತಂಪಾದ ಒಳಮನೆ. ಈ ಎರಡನ್ನು ನಗರದ ದಕ್ಷಿಣಭಾಗದ ಬಡಾವಣೆಗಳು ನೂರಿಪ್ಪತ್ತು ವರ್ಷಗಳಲ್ಲಿ ಯಾವ ಯಾವ ಬಗೆಯಿಂದ ಒದಗಿಸಿಕೊಂಡವು, ಒದಗಿಸಿದ ಸಾಧನವು ಕೆಟ್ಟಾಗ ಅದರ ಹೊಣೆಯನ್ನು ಹೊತ್ತವರು ಯಾರು, ಆ ಹೊಣೆಯು ಊರ್ಜಿತವಾಗಿ ಉಳಿಯಲು ಮನೆಯವರು ಏನು ಮಾಡಬೇಕಾಗಿತ್ತು ಎಂಬುದು ವಿಚಾರಿಸಿ ನೋಡತಕ್ಕ ವಿಷಯ. ಇಂದು ವಾರಂಟಿಯೆಂದು ಕರೆಯಲ್ಪಡುವ ಕಾಗದದ ಮೂಲವನ್ನು ಹುಡುಕುತ್ತ ಹೋದರೆ ನಾವು ಕಾರ್ಖಾನೆಗಿಂತ ಮೊದಲು ಬಚ್ಚಲುಮನೆಯನ್ನೂ ಮಾಡನ್ನೂ ಸೇರುತ್ತೇವೆ.

1898ರಲ್ಲಿ ಪ್ಲೇಗು ಮಾರಿಯು ಹಳೆಯ ಪೇಟೆಯನ್ನು ನಡುಗಿಸಿದ ಕಾಲದಲ್ಲಿ ಬಸವನಗುಡಿಯು ಗಾಳಿ ಬೆಳಕುಗಳಿಗೆ ಎಡೆಯುಳ್ಳ ಹೊಸ ಬಡಾವಣೆಯಾಗಿ ರೂಪುಗೊಂಡಿತು. ಅಲ್ಲಿನ ಮನೆಗಳಲ್ಲಿ ತಂಪು ಎಂಬುದು ಯಂತ್ರದಿಂದ ಬಂದುದಲ್ಲ, ಗೋಡೆಯ ದಪ್ಪದಿಂದಲೂ ಸೂರಿನ ಎತ್ತರದಿಂದಲೂ ಬಂದುದು. ಮರದ ತೊಲೆ ಜಂತೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆಯಿಂದ ಬಂಧಿಸಿ, ಅದರ ಮೇಲೆ ಇಟ್ಟಿಗೆಯ ಚೂರು ಬೆರೆತ ಸುಣ್ಣದ ಗಚ್ಚನ್ನು ಹರಡಿ, ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಹಾಕಿದ ನೀರನ್ನು ಚಿಮುಕಿಸುತ್ತ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿಗೊಳಿಸಿದ ಮದರಾಸು ತಾರಸಿಯು ಹಗಲಿನ ಬಿಸಿಲನ್ನು ಕೆಳಕ್ಕಿಳಿಯಗೊಡದೆ ತಡೆಯುತ್ತಿದ್ದಿತು. ತಾರಸಿಯಿಲ್ಲದ ಮನೆಗಳಿಗೆ ಮಂಗಳೂರು ಹೆಂಚು ಇದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಆರಂಭವಾದ ಆ ಉದ್ಯಮವು ಘಟ್ಟದ ಮೇಲಿನ ಊರುಗಳ ಮಾಡುಗಳನ್ನೆಲ್ಲ ಕೆಂಪುಗೊಳಿಸಿತು.

ಈ ಮಾಡುಗಳಿಗೆ ಬರಹದ ಭರವಸೆ ಯಾವುದೂ ಇರಲಿಲ್ಲ. ಕಟ್ಟಿದ ಮೇಸ್ತ್ರಿಯು ಮೂರು ಬೀದಿಗಳಾಚೆ ವಾಸವಾಗಿರುತ್ತಿದ್ದನು. ಅವನ ಮಾತೇ ಅವನ ಮುಚ್ಚಳಿಕೆ. ಸೋರಿದರೆ ಕರೆ ಕಳುಹಿದರೆ ಬರುತ್ತಿದ್ದನು, ಏಕೆಂದರೆ ಮುಂದಿನ ಮನೆಯ ಕೆಲಸವು ಈ ಮನೆಯವರ ಬಾಯಿಂದಲೇ ಅವನಿಗೆ ದೊರೆಯಬೇಕಾಗಿತ್ತು. ಆದರೆ ಅವನು ಬಂದು ಮೊದಲು ಕೇಳುತ್ತಿದ್ದ ಪ್ರಶ್ನೆಯೊಂದಿದ್ದಿತು: ಮಳೆಗಾಲಕ್ಕೆ ಮುನ್ನ ಹೆಂಚು ಇಳಿಸಿ, ಒಡೆದುದನ್ನು ಬದಲಿಸಿ, ಪಾಚಿ ಕೆರೆದು ಮತ್ತೆ ಹೊದಿಸಿದಿರೋ ಇಲ್ಲವೋ? ತಾರಸಿಯ ನೀರಿಳಿಯುವ ದೋಣಿಯಲ್ಲಿ ತುಂಬಿದ ಎಲೆಗಳನ್ನು ತೆಗೆದಿರೋ ಇಲ್ಲವೋ? ಮನೆಯವರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರೆ ಸೋರಿಕೆಯು ಮೇಸ್ತ್ರಿಯ ತಪ್ಪು, ಮಾಡದಿದ್ದರೆ ಮನೆಯವರ ತಪ್ಪು. ಇಂದಿನ ವಾರಂಟಿ ಪತ್ರದ ಎರಡನೆಯ ಪುಟದಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾದ ಷರತ್ತುಗಳ ಸಾರವೆಲ್ಲ ಆ ಪ್ರಶ್ನೆಯಲ್ಲಿ ಅಡಗಿದ್ದಿತು.

ಬಿಸಿನೀರಿನ ವ್ಯವಸ್ಥೆಯಲ್ಲಿ ಈ ಸಂಪ್ರದಾಯವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಚ್ಚಲುಮನೆಯ ಒಂದು ಮೂಲೆಯಲ್ಲಿ ಮಣ್ಣಿನಿಂದ ಕಟ್ಟಿದ ಒಲೆ, ಅದರ ಮೇಲೆ ಕತ್ತಿನವರೆಗೆ ಹುದುಗಿದ ತಾಮ್ರದ ಹಂಡೆ, ಉರಿಗೆ ಸೌದೆ ಡಿಪೋದಿಂದ ತಂದ ಕಟ್ಟಿಗೆ, ತೆಂಗಿನ ಗರಿ, ಮಟ್ಟೆ, ಚಿಪ್ಪು. ನಿತ್ಯವೂ ಉರಿಯುವ ಒಲೆಗೆ ಮಸಿ ಕಟ್ಟುವುದು, ನಿತ್ಯವೂ ಕಾಯುವ ಬಾವಿನೀರಿನಿಂದ ಹಂಡೆಯ ತಳದಲ್ಲಿ ಬೆಳ್ಳನೆಯ ಸುಣ್ಣದ ಹೊಪ್ಪಳೆ ಕಟ್ಟುವುದು ಸಹಜ. ಇವೆರಡೂ ದಪ್ಪವಾದಷ್ಟೂ ಸೌದೆ ಹೆಚ್ಚು ಬೇಕು, ನೀರು ತಡವಾಗಿ ಕಾಯುತ್ತದೆ, ತಾಮ್ರವು ಒಂದೆಡೆ ಅತಿಯಾಗಿ ಬೆಂದು ತೂತು ಬೀಳುತ್ತದೆ. ಈ ಕೇಡನ್ನು ತಡೆಯಲು ನಮ್ಮ ಹಿರಿಯರು ಒಂದು ತಿಥಿಯನ್ನೇ ಗೊತ್ತುಮಾಡಿದರು. ಆಶ್ವಯುಜ ಬಹುಳ ತ್ರಯೋದಶಿಯ ದಿನ, ನರಕಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬ. ಅಂದು ಬಚ್ಚಲನ್ನು ತಿಕ್ಕಿ ತೊಳೆದು, ಒಲೆಯ ಬೂದಿಯನ್ನು ಪೂರ್ತಿಯಾಗಿ ತೆಗೆದು, ಬಿರುಕುಬಿಟ್ಟ ಒಲೆಗೆ ಮಣ್ಣು ಮೆತ್ತಿ, ಹಂಡೆಯ ಒಳಹೊರಗನ್ನು ಹುಣಿಸೆಹಣ್ಣಿನಿಂದ ತಿಕ್ಕುತ್ತಿದ್ದರು. ಹುಣಿಸೆಯ ಆಮ್ಲವು ತಾಮ್ರದ ಕಿಲುಬನ್ನು ಮಾತ್ರವಲ್ಲದೆ ತಳದ ಸುಣ್ಣವನ್ನೂ ಕರಗಿಸುತ್ತಿದ್ದಿತು. ಅನಂತರ ಹಂಡೆಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆದು, ಹೂವೇರಿಸಿ, ಹೊಸ ನೀರು ತುಂಬಿ, ಪೂಜಿಸಿ, ಮರುದಿನ ಅರುಣೋದಯಕ್ಕೆ ಮುನ್ನವೇ ಆ ನೀರಿನಲ್ಲಿ ಅಭ್ಯಂಜನ. ಹಬ್ಬದ ಸಂಭ್ರಮದ ಒಳಗೆ ವಾರ್ಷಿಕ ಪರೀಕ್ಷೆಯೊಂದು ನೆರವೇರುತ್ತಿದ್ದಿತು. ಹಂಡೆಯು ಸೋರುವುದಾಗಿದ್ದರೆ ಚಳಿಗಾಲದ ಬಾಗಿಲಿನಲ್ಲಿ, ಕಂಚುಗಾರನಿಗೆ ಕೊಟ್ಟು ಬೆಸೆಸಿಕೊಳ್ಳಲು ಇನ್ನೂ ಕಾಲವಿರುವಾಗಲೇ, ಆ ದೋಷವು ಹೊರಬೀಳುತ್ತಿದ್ದಿತು. ಅಜ್ಜಿಯ ಕಾಲದ ಹಂಡೆಯು ಮೊಮ್ಮಗಳ ಬಾಣಂತನಕ್ಕೂ ನೀರು ಕಾಯಿಸಿದುದರ ರಹಸ್ಯ ಇಷ್ಟೇ.

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ತಲುಪಿತಾದರೂ, ಅದು ಬಚ್ಚಲುಮನೆಯನ್ನು ಪ್ರವೇಶಿಸಲು ಅರ್ಧಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ನಡುವೆ ಬಂದುದು ತಾಮ್ರದ ಬಾಯ್ಲರ್: ನಿಲುವಾದ ಕೊಳಗದ ನಡುವೆ ಉರಿಗಾಗಿ ಒಂದು ಕೊಳವೆ, ಅಡಿಯಲ್ಲಿ ಬೂದಿ ಬೀಳುವ ಜಾಲರಿ, ಪಕ್ಕದಲ್ಲಿ ನಲ್ಲಿ. 1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅಸ್ತಿಭಾರವಿಟ್ಟ ಜಯನಗರವು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತು ಬ್ಲಾಕು ಬ್ಲಾಕಾಗಿ ದಕ್ಷಿಣಕ್ಕೆ ಬೆಳೆದಾಗ, ಅದರ ಮೊದಲ ಮನೆಗಳಲ್ಲಿ ಹೊಗೆಗೂಡುಳ್ಳ ಬಚ್ಚಲು ಇನ್ನೂ ಉಳಿದಿದ್ದಿತು. ಮುಂದೆ ಬನಶಂಕರಿಯ ಹಂತಗಳು, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಭೈರಸಂದ್ರ ತಾವರೆಕೆರೆ ಮಡಿವಾಳಗಳನ್ನು ಒಂದುಗೂಡಿಸಿ ಬಿ.ಟಿ.ಎಂ. ಎಂದು ಕರೆಯಲ್ಪಟ್ಟ ಬಡಾವಣೆ, ಇವು ಒಂದೊಂದಾಗಿ ಎದ್ದಂತೆ ಮನೆಯ ಸ್ವರೂಪವೇ ಬದಲಾಯಿತು. ಮೂವತ್ತು ನಲವತ್ತರ ಸೈಟಿನಲ್ಲಿ ತೊಟ್ಟಿಗೂ ಜಗುಲಿಗೂ ಎಡೆಯಿಲ್ಲ. ಗಾರೆಯ ತಾರಸಿಯ ಸ್ಥಾನದಲ್ಲಿ ಕಬ್ಬಿಣ ಸಿಮೆಂಟುಗಳ ತೆಳು ಛಾವಣಿ ಬಂದಿತು. ಅದು ಹಗಲಿನಲ್ಲಿ ಹೀರಿದ ಬಿಸಿಲನ್ನು ರಾತ್ರಿಯಲ್ಲಿ ಮನೆಯೊಳಕ್ಕೆ ಸುರಿಯಿತು. ಒಂದು ಕಾಲದಲ್ಲಿ ಫ್ಯಾನಿಲ್ಲದೆ ಮಲಗುತ್ತಿದ್ದ ಊರಿನ ಕೋಣೆಕೋಣೆಯಲ್ಲಿ ಫ್ಯಾನು ತಿರುಗಿತು, ಬಚ್ಚಲಲ್ಲಿ ಗೀಸರ್ ನೇತಾಡಿತು, ಹಂಡೆಯು ಅಟ್ಟಕ್ಕೇರಿತು.

ಈ ಹೊಸ ಸಾಧನಗಳೊಡನೆಯೇ ಮನೆಗೆ ಬಂದುದು ಗ್ಯಾರಂಟಿ ಕಾರ್ಡು. ಕಾರ್ಖಾನೆಯು ಎಲ್ಲಿಯೋ ದೂರದಲ್ಲಿ, ಅದರ ಯಜಮಾನನ ಮುಖವನ್ನು ಕಂಡವರಿಲ್ಲ. ಮೇಸ್ತ್ರಿಯ ಮಾತಿಗೆ ಬದಲಾಗಿ ಅಚ್ಚಿನ ಮಾತು ಬೇಕಾಯಿತು. ದೇಶದಲ್ಲಿ 1930ರ ಸರಕು ಮಾರಾಟ ಕಾನೂನು ಆಗಲೇ ಇದ್ದರೂ ಸಾಮಾನ್ಯ ಗೃಹಸ್ಥನು ಒಂದು ಗೀಸರಿಗಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಗ್ರಾಹಕ ಸಂರಕ್ಷಣಾ ಕಾನೂನು ಆ ಕಾರ್ಡಿಗೆ ಜೀವ ತುಂಬಿತು. ವಕೀಲರಿಲ್ಲದೆ, ಅಲ್ಪ ವೆಚ್ಚದಲ್ಲಿ, ಜಿಲ್ಲಾಮಟ್ಟದಲ್ಲಿಯೇ ದೂರು ಕೊಡಬಹುದೆಂಬ ಧೈರ್ಯವು ಮಧ್ಯಮವರ್ಗದ ಈ ಬಡಾವಣೆಗಳಿಗೆ ಬಹುದೊಡ್ಡ ಉಪಕಾರವನ್ನು ಮಾಡಿತು. ಅದರ ಸ್ಥಾನದಲ್ಲಿ ಬಂದು 2020ರ ಜುಲೈ 20ರಿಂದ ಜಾರಿಗೊಂಡ 2019ರ ಕಾನೂನು ಇನ್ನೂ ಮುಂದೆ ಹೋಗಿ, ಹಿಂದೆಯೇ ಅನುಚಿತ ವ್ಯಾಪಾರಕ್ರಮವೆನಿಸಿದ್ದ, ತಕ್ಕ ಪರೀಕ್ಷೆಯ ಆಧಾರವಿಲ್ಲದೆ ವಾರಂಟಿ ಸಾರುವುದರೊಡನೆ ಬಿಲ್ಲು ಕೊಡದಿರುವುದನ್ನೂ ಆ ಸಾಲಿಗೆ ಸೇರಿಸಿತು. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಹಾನಿಯಾದ ಹೊತ್ತಿನಲ್ಲಿ ವಸ್ತುವು ದುರುಪಯೋಗಕ್ಕೆ ಒಳಗಾಗಿದ್ದರೆ ಅಥವಾ ಮಾರ್ಪಾಡಾಗಿದ್ದರೆ ಮಾರಾಟಗಾರನ ಮೇಲೆ ವಸ್ತುವಿನ ಹೊಣೆಗಾರಿಕೆಯ ದಾವೆ ನಿಲ್ಲದು. ಹೊಣೆಯು ಉಭಯಪಕ್ಷದ್ದೆಂಬ ಹಳೆಯ ಮೇಸ್ತ್ರಿಯ ನ್ಯಾಯವೇ ಇಲ್ಲಿ ಶಾಸನದ ಭಾಷೆಯನ್ನು ಉಟ್ಟು ನಿಂತಿದೆ.

ದಕ್ಷಿಣ ಬೆಂಗಳೂರಿನಲ್ಲಿ ಈ ಹೊಣೆಯ ವಿವಾದಕ್ಕೆ ಮುಖ್ಯ ಕಾರಣವಾದುದು ನೀರು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ತಾತಗುಣಿಗಳ ಪಂಪುಮನೆಗಳಲ್ಲಿ ಮೇಲಕ್ಕೆತ್ತಲ್ಪಟ್ಟು, ಕನಕಪುರ ರಸ್ತೆಯ ದಿಕ್ಕಿನಿಂದ ನಗರವನ್ನು ಪ್ರವೇಶಿಸಿತು. ಕಾವೇರಿಯ ನೀರು ಮೃದುವಾದುದು. ಆದರೆ ಬಡಾವಣೆಗಳು ಬೆಳೆದ ವೇಗಕ್ಕೆ ನದಿಯ ಕೊಳವೆಗಳು ಸರಿಹೊಂದಲಾರದೆ, ಬಿ.ಟಿ.ಎಂ.ನಲ್ಲಿಯೂ ಜೆ.ಪಿ. ನಗರದ ಹೊರಹಂತಗಳಲ್ಲಿಯೂ ಮನೆಗೊಂದು ಬೋರು ಕೊರೆಯಲ್ಪಟ್ಟಿತು. ಗ್ರಾನೈಟು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಸುಣ್ಣ ಮೆಗ್ನೀಷಿಯಂಗಳ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಕಾದೊಡನೆಯೇ ಆ ಲವಣಗಳು ನೀರನ್ನು ಬಿಟ್ಟು ಬಿಸಿಯಾದ ಲೋಹದ ಮೈಗೆ ಅಂಟುತ್ತವೆ. ಬಹುತೇಕ ಮನೆಗಳಲ್ಲಿ ಕಾವೇರಿ ನೀರೂ ಬೋರ್ ನೀರೂ ಒಂದೇ ಸಂಪಿನಲ್ಲಿ ಬೆರೆತು ಮೇಲಿನ ಟ್ಯಾಂಕಿಗೇರುವುದರಿಂದ, ತನ್ನ ಗೀಸರು ಕುಡಿಯುತ್ತಿರುವುದು ಯಾವ ನೀರೆಂಬುದು ಮನೆಯೊಡೆಯನಿಗೇ ತಿಳಿದಿರುವುದಿಲ್ಲ.

ಎರಡು ಮೂರು ವರ್ಷ ಬೋರ್ ನೀರನ್ನು ಕಾಯಿಸಿದ ಗೀಸರನ್ನು ರಿಪೇರಿಯವನು ಬಿಚ್ಚುವಾಗ ಸಮೀಪದಲ್ಲಿ ನಿಂತು ನೋಡಿದವರಿಗೆ ವಿಷಯವು ವಿವರಣೆಯನ್ನು ಬೇಡುವುದಿಲ್ಲ. ತಳದ ಮುಚ್ಚಳದ ಬೋಲ್ಟುಗಳನ್ನು ಸಡಿಲಿಸಿದೊಡನೆ ಕೆಸರು ಬಣ್ಣದ ನೀರಿನೊಡನೆ ಮೊಟ್ಟೆಯ ಚಿಪ್ಪಿನಂತಹ ಬಿಳಿಯ ಚೂರುಗಳು ಬಕೆಟ್ಟಿಗೆ ಸುರಿಯುತ್ತವೆ. ಹೊರಕ್ಕೆಳೆದ ಕಾಯಿಲಿನ ಮೇಲೆ ಬೆರಳುಗಾತ್ರದ ಸುಣ್ಣದ ಕವಚ. ಒಳಗಿನ ಶಾಖವು ಹೊರಬರಲಾರದೆ ಕಾಯಿಲು ತನ್ನ ಉರಿಯಲ್ಲಿ ತಾನೇ ಸೀಳಿರುತ್ತದೆ. ಅದರ ಪಕ್ಕದಲ್ಲಿ ಒಂದು ಕಾಲದಲ್ಲಿ ದುಂಡಗಿದ್ದ ಮೆಗ್ನೀಷಿಯಂ ಕಡ್ಡಿಯು ಒಳಗಿನ ತಂತಿಯಷ್ಟೇ ಉಳಿದು ಸವೆದಿರುತ್ತದೆ. ಆನೋಡ್ ಎಂದು ಕರೆಯಲ್ಪಡುವ ಈ ಕಡ್ಡಿಯ ಧರ್ಮ ಆತ್ಮಾರ್ಪಣೆ: ಉಕ್ಕಿಗಿಂತ ಬೇಗ ತಾನು ಕರಗಿ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವುದು. ಅದು ತೀರಿದ ಮೇಲೆ ತುಕ್ಕು ಟ್ಯಾಂಕನ್ನೇ ತಿನ್ನತೊಡಗುತ್ತದೆ. ಸಾಮಾನ್ಯವಾಗಿ ಕಂಪನಿಗಳು ಇಡೀ ಗೀಸರಿಗೆ ಒಂದೆರಡು ವರ್ಷ, ಒಳಟ್ಯಾಂಕಿಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ವಾರಂಟಿಯನ್ನು ಕೊಡುತ್ತವೆ. ಅದೇ ಪತ್ರದಲ್ಲಿ ನೀರಿನ ಗಡಸುತನಕ್ಕೆ ಒಂದು ಮಿತಿಯನ್ನೂ, ಆನೋಡನ್ನು ಕಾಲಕಾಲಕ್ಕೆ ಬದಲಿಸಬೇಕೆಂಬ ನಿಯಮವನ್ನೂ ಹಲವು ಕಂಪನಿಗಳು ಬರೆದಿರುತ್ತವೆ. ಬೆಲೆಯಲ್ಲಿ ಅತ್ಯಲ್ಪವಾದ ಆ ಕಡ್ಡಿಯನ್ನು ಯಾರೂ ನೋಡದೆ ಬಿಟ್ಟುದರಿಂದ ಟ್ಯಾಂಕಿನ ವಾರಂಟಿಯು ನಷ್ಟವಾಗುವುದು ನಮ್ಮ ಬಡಾವಣೆಗಳಲ್ಲಿ ನಿತ್ಯದ ಸಂಗತಿ.

ಸೂರ್ಯನಿಂದ ನೀರು ಕಾಯಿಸುವ ವಿದ್ಯೆಯು ಈ ಕಥೆಯ ಗೌರವದ ಅಧ್ಯಾಯ. ಜಯನಗರ ಬನಶಂಕರಿಗಳ ತಾರಸಿಗಳ ಮೇಲೆ ನಿಂತು ನೋಡಿದರೆ ದೃಷ್ಟಿ ಹರಿಯುವಷ್ಟು ದೂರವೂ ಓರೆಯಾದ ಫಲಕಗಳೂ ಅಡ್ಡಲಾಗಿ ಮಲಗಿದ ಟ್ಯಾಂಕುಗಳೂ ಕಾಣುತ್ತವೆ. 2007ರಲ್ಲಿ ಕರ್ನಾಟಕ ಸರ್ಕಾರವು ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯಗೊಳಿಸಿತು. ಬೆಸ್ಕಾಂ ಸಂಸ್ಥೆಯು ಅದನ್ನು ಬಳಸುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ರಿಯಾಯಿತಿ ಕೊಟ್ಟಿತು. ಆದರೆ ಫಲಕದೊಳಗಿನ ಸಣ್ಣ ತಾಮ್ರದ ನಾಳಗಳು ಗೀಸರಿಗಿಂತಲೂ ಸೂಕ್ಷ್ಮ. ಗಡಸು ನೀರಿನ ಸುಣ್ಣವು ಅವುಗಳನ್ನು ಸದ್ದಿಲ್ಲದೆ ಮುಚ್ಚುತ್ತದೆ. ಗಡಸು ನೀರಿರುವ ಕಡೆ ಗಾಜಿನ ಕೊಳವೆಯ ಮಾದರಿಯು ಹೆಚ್ಚು ಒಗ್ಗಿತಾದರೂ ಅದಕ್ಕೂ ವರ್ಷಕ್ಕೊಮ್ಮೆ ಕೆಸರು ತೆಗೆಯುವ ಆರೈಕೆ ತಪ್ಪಿದ್ದಲ್ಲ. ಈ ಸಂದರ್ಭದಲ್ಲಿ ಸ್ಮರಿಸತಕ್ಕ ಸಂಸ್ಥೆಯೊಂದು ಜೆ.ಪಿ. ನಗರದಲ್ಲಿಯೇ ಇದೆ. 1995ರಲ್ಲಿ ಹರೀಶ್ ಹಂದೆಯವರ ನೇತೃತ್ವದಲ್ಲಿ ಆರಂಭವಾದ ಸೆಲ್ಕೋ, ಸೌರದೀಪವನ್ನು ಮಾರುವುದರಷ್ಟೇ ಮಹತ್ತ್ವವನ್ನು ಮಾರಿದ ಮೇಲೆ ಮನೆಬಾಗಿಲಿಗೆ ಹೋಗಿ ನೋಡಿಕೊಳ್ಳುವುದಕ್ಕೂ ಕೊಟ್ಟಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸಾಧನವನ್ನು ಕೊಟ್ಟವನು ಮತ್ತೆ ಬರುವನೆಂಬ ನಂಬಿಕೆ ಇರುವಲ್ಲಿ ಮಾತ್ರ ಹೊಸ ವಿದ್ಯೆಯು ಜನರ ನಡುವೆ ಬೇರೂರುತ್ತದೆಂಬುದಕ್ಕೆ ಇದೊಂದು ಸಾಕ್ಷ್ಯ.

ಕಟ್ಟಕಡೆಗೆ ಬಂದುದು ಎ.ಸಿ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣಮಾನವು 39.2 ಡಿಗ್ರಿಗೇರಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. 2024ರ ಏಪ್ರಿಲಿನಲ್ಲಿ ಮತ್ತೆ 38.5 ಮುಟ್ಟಿತು, ಅದೂ ಬೋರುಗಳು ಬತ್ತಿ ನಗರವು ನೀರಿಗಾಗಿ ಕಂಗೆಟ್ಟ ವರ್ಷದಲ್ಲಿ. ಎ.ಸಿ.ಯನ್ನು ಮದರಾಸಿನವರ ಅಗತ್ಯವೆಂದು ಬಗೆದಿದ್ದ ಮನೆಗಳೂ ಮಲಗುವ ಕೋಣೆಗೊಂದನ್ನು ಹಾಕಿಸಿದವು. ಇದರ ವಾರಂಟಿಯು ಗೀಸರಿನದಕ್ಕಿಂತ ಜಟಿಲವಾದುದು. ಸಾಮಾನ್ಯವಾಗಿ ಇಡೀ ಯಂತ್ರಕ್ಕೆ ಒಂದು ವರ್ಷ, ಕಂಪ್ರೆಸರಿಗೆ ಐದು ಅಥವಾ ಹತ್ತು ವರ್ಷ. ಗ್ಯಾಸು, ಪ್ಲಾಸ್ಟಿಕ್ಕಿನ ಭಾಗಗಳು, ಕೂಲಿ, ಇವು ಅನೇಕ ವೇಳೆ ಹೊರಗೆ. ಕಂಪನಿಯ ಅಧಿಕೃತ ಕೆಲಸಗಾರನಲ್ಲದೆ ಬೇರೊಬ್ಬನು ಬಿಚ್ಚಿದ್ದರೆ, ಸೀರಿಯಲ್ ನಂಬರು ಅಳಿಸಿಹೋಗಿದ್ದರೆ, ವೋಲ್ಟೇಜಿನ ಏರಿಳಿತದಿಂದ ಸುಟ್ಟಿದ್ದರೆ, ಮನೆ ಬದಲಿಸುವಾಗ ಯಾರೋ ಕಳಚಿ ಮತ್ತೆ ಕೂರಿಸಿದ್ದರೆ ವಾರಂಟಿ ಸಲ್ಲದೆಂಬ ಷರತ್ತುಗಳು ಬಹುಮಟ್ಟಿಗೆ ಎಲ್ಲ ಪತ್ರಗಳಲ್ಲಿಯೂ ಇರುತ್ತವೆ. ವಾರ್ಷಿಕ ಸರ್ವಿಸು ಬಿಟ್ಟರೂ ಕೆಲವರು ಒಪ್ಪುವುದಿಲ್ಲ.

ಈ ಷರತ್ತುಗಳನ್ನೆಲ್ಲ ಕಂಪನಿಯ ಜಾಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಂತೆಯೇ ಅವುಗಳನ್ನೆಲ್ಲ ವೇದವಾಕ್ಯವೆಂದು ಶಿರಸಾವಹಿಸುವುದೂ ನ್ಯಾಯವಲ್ಲ. ಕೆಟ್ಟುದಕ್ಕೂ ಮನೆಯವರ ಲೋಪಕ್ಕೂ ಸಂಬಂಧವೇ ಇಲ್ಲದಿರುವಾಗ, ಎಂದೋ ಒಮ್ಮೆ ಸರ್ವಿಸು ತಪ್ಪಿತೆಂಬ ಕಾರಣದಿಂದ ತಯಾರಿಕೆಯ ದೋಷವನ್ನು ಮುಚ್ಚಿಕೊಳ್ಳುವುದು ಮಾತಿಗೆ ತಪ್ಪಿದಂತೆಯೇ. ಅಂತಹ ಹೊತ್ತಿನಲ್ಲಿ ಗ್ರಾಹಕನಿಗೆ ದಾರಿಯಿದೆ. 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿನ ಸಂಬಂಧದಲ್ಲಿ ಶುಲ್ಕವಿಲ್ಲದೆಯೇ ಅರ್ಜಿ ಸಲ್ಲಿಸಬಹುದು. ವ್ಯಾಜ್ಯಕ್ಕೆ ಕಾರಣವಾದ ದಿನದಿಂದ ಎರಡು ವರ್ಷ ಕಳೆಯಗೊಡಬಾರದು. ಆದರೆ ಆಯೋಗದ ಮುಂದೆ ನಿಂತಾಗ ನಮ್ಮ ಕೈಯಲ್ಲಿರಬೇಕಾದುದು ಕೋಪವಲ್ಲ, ಕಾಗದ: ತಾರೀಖುಳ್ಳ ಬಿಲ್ಲು, ಅಂಗಡಿಯ ಮೊಹರು ಬಿದ್ದ ವಾರಂಟಿ ಪತ್ರ, ಕೂರಿಸಿದ ದಿನದ ರಸೀತಿ, ಪ್ರತಿ ಸರ್ವಿಸಿನ ಚೀಟಿ, ದೂರು ದಾಖಲಿಸಿದಾಗ ಕೊಟ್ಟ ಸಂಖ್ಯೆ. ಬಿಲ್ಲಿನ ಮಸಿಯು ವರ್ಷದೊಳಗೆ ಮಾಸುವುದರಿಂದ ಅದರ ಪ್ರತಿಯೊಂದನ್ನು ತೆಗೆಸಿಡುವುದು ವಿವೇಕ.

ಇಷ್ಟನ್ನು ನೋಡಿದ ಮೇಲೆ ನನಗೆ ದೃಢವಾಗಿ ತೋರುವುದು ಇದು: ಹಿಂದಿನವರಲ್ಲಿ ಬರೆದ ಭರವಸೆ ಇರಲಿಲ್ಲ, ಆರೈಕೆಗೆ ಗೊತ್ತಾದ ತಿಥಿ ಇದ್ದಿತು, ನಮ್ಮಲ್ಲಿ ಬರೆದ ಭರವಸೆ ಇದೆ, ತಿಥಿ ತಪ್ಪಿಹೋಗಿದೆ. ಇವೆರಡನ್ನೂ ಕೂಡಿಸಿಕೊಳ್ಳುವುದು ಕಷ್ಟವಲ್ಲ. ನೀರು ತುಂಬುವ ಹಬ್ಬದ ವಾರವನ್ನು ಗೀಸರಿಗೂ ಸೋಲಾರಿಗೂ ಮೀಸಲಿಟ್ಟು ಸುಣ್ಣ ತೆಗೆಸುವುದು, ಆನೋಡನ್ನು ನೋಡಿಸುವುದು. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಮುನ್ನ ಎ.ಸಿ.ಯ ಫಿಲ್ಟರು ತೊಳೆಸಿ ಹೊರಗಿನ ಯಂತ್ರದ ಧೂಳು ತೆಗೆಸುವುದು. ಎರಡು ಸಲವೂ ಅಧಿಕೃತ ಸರ್ವಿಸಿನವರನ್ನೇ ಕರೆದು ಚೀಟಿ ಪಡೆಯುವುದು. ನೀರನ್ನು ಒಮ್ಮೆ ಪರೀಕ್ಷೆಗೆ ಕೊಟ್ಟು ಅದರ ಗಡಸುತನವನ್ನು ತಿಳಿದು, ಪತ್ರದಲ್ಲಿ ಹೇಳಿದ ಮಿತಿಯನ್ನು ಮೀರಿದ್ದರೆ ಸಾಫ್ಟ್‌ನರ್ ಹಾಕಿಸುವುದು ಕೊಳ್ಳುವ ಮುನ್ನವೇ ಆಗಬೇಕಾದ ಕಾರ್ಯ.

ಬಾಡಿಗೆಮನೆಗಳ ವಿಚಾರವು ಇನ್ನೂ ಮುಖ್ಯ. ಬಿ.ಟಿ.ಎಂ. ಬಡಾವಣೆಯಂತಹ ಕಡೆಗಳಲ್ಲಿ ಗೀಸರನ್ನು ಕೊಂಡವರು ಮನೆಯ ಮಾಲೀಕರು, ಬಳಸುವವರು ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು, ಬಿಲ್ಲು ಇರುವುದು ಮಾಲೀಕರ ಬೀರುವಿನಲ್ಲಿ, ಸರ್ವಿಸಿನ ನೆನಪು ಯಾರಲ್ಲಿಯೂ ಇಲ್ಲ. ಹಂಡೆಯನ್ನು ತಿಕ್ಕುತ್ತಿದ್ದವರೂ ಬಳಸುತ್ತಿದ್ದವರೂ ಒಂದೇ ಮನೆಯವರಾಗಿದ್ದರಿಂದ ಹಿಂದೆ ಈ ತೊಡಕು ಹುಟ್ಟಿರಲಿಲ್ಲ. ಇಂದು ಬೀಗದ ಕೈಯನ್ನು ಹಸ್ತಾಂತರಿಸುವ ದಿನವೇ ಬಿಲ್ಲಿನ ಪ್ರತಿಯನ್ನೂ ವಾರಂಟಿ ಪತ್ರದ ಪ್ರತಿಯನ್ನೂ ಹಿಂದಿನ ಸರ್ವಿಸಿನ ಚೀಟಿಯನ್ನೂ ಬಾಡಿಗೆದಾರರ ಕೈಗಿತ್ತು, ಸರ್ವಿಸಿಗೆ ಕರೆಯತಕ್ಕವರು ಯಾರು, ಹಣ ಕೊಡತಕ್ಕವರು ಯಾರು ಎಂಬುದನ್ನು ಕರಾರಿನಲ್ಲಿಯೇ ಒಂದು ಸಾಲಾಗಿ ಬರೆಯಬೇಕು. ಬಡಾವಣೆಯ ನಿವಾಸಿಗಳ ಸಂಘಗಳು ಇದಕ್ಕೊಂದು ಮಾದರಿಯನ್ನು ಅಚ್ಚುಹಾಕಿಸಿ ಮನೆಮನೆಗೆ ಹಂಚಿದರೆ ಎರಡು ಪಕ್ಷಕ್ಕೂ ಉಪಕಾರವಾಗುತ್ತದೆ.